ಕರುಣೆಯ ಬಾಗಿಲು

ಅಪರಾಧ ನಡೆದ ಮೇಲೆ ಅಪರಾಧಿಯನ್ನು ಶಿಕ್ಷಿಸುವುದು ನ್ಯಾಯಾಲಯದ ಕೆಲಸ. ನೊಂದವರಿಗೆ ಸಕಾಲದಲ್ಲಿ ಆಸರೆ ನೀಡಿ, ಅಪರಾಧಕ್ಕೆ ಆಸ್ಪದವೇ ಇಲ್ಲದಂತೆ ಮಾಡುವುದು ಕರುಣಾಳುಗಳ ಕೆಲಸ. ಹತ್ತೊಂಬತ್ತನೆಯ ಶತಮಾನದ ಪುಣೆಯಲ್ಲಿ ಈ ಎರಡನೆಯ ಕೆಲಸವನ್ನು ಕೈಗೊಂಡು, ಯಾರಿಗೂ ಬೇಡವಾದ ಶಿಶುಗಳಿಗೂ ಅವರ ದುಃಖಿತ ತಾಯಂದಿರಿಗೂ ತಮ್ಮ ಮನೆಯ ಬಾಗಿಲನ್ನು ತೆರೆದವರು ಸಾವಿತ್ರಿಬಾಯಿ ಫುಲೆ.

ಸಾವಿತ್ರಿಬಾಯಿಯವರು ೧೮೩೧ರ ಜನವರಿ ೩ರಂದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ ಜನಿಸಿದರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ಪುಣೆಯ ಜ್ಯೋತಿರಾವ್ ಫುಲೆಯವರೊಡನೆ ಅವರ ವಿವಾಹವಾಯಿತು. ವರನಿಗೆ ಆಗ ಹದಿಮೂರು ವರ್ಷ. ಅಕ್ಷರದ ಪರಿಚಯವಿಲ್ಲದೆ ಗಂಡನ ಮನೆಯನ್ನು ಸೇರಿದ ಬಾಲಿಕೆಗೆ ಪತಿಯೇ ಗುರುವಾದರು. ಮುಂದೆ ಆಕೆ ಶಿಕ್ಷಕಿಯಾಗಲು ಬೇಕಾದ ತರಬೇತಿಯನ್ನೂ ಪಡೆದರು. ೧೮೪೮ರಲ್ಲಿ ದಂಪತಿಗಳು ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು.

ಹೆಣ್ಣು ಓದುವುದೇ ಅಧರ್ಮವೆಂದು ನಂಬಿದ್ದ ಜನರು ಇದನ್ನು ಸಹಿಸಲಿಲ್ಲ. ಸಾವಿತ್ರಿಬಾಯಿಯವರು ಶಾಲೆಗೆ ಹೋಗುವ ದಾರಿಯಲ್ಲಿ ಅವರ ಮೇಲೆ ಕೆಸರನ್ನೂ ಸಗಣಿಯನ್ನೂ ಎರಚಿದರು. ಅವರು ಇನ್ನೊಂದು ಸೀರೆಯನ್ನು ಜೊತೆಯಲ್ಲಿ ಒಯ್ದು, ಶಾಲೆಯಲ್ಲಿ ಅದನ್ನುಟ್ಟು ಪಾಠ ಹೇಳಿದರು. ೧೮೪೯ರಲ್ಲಿ ದಂಪತಿಗಳು ಜ್ಯೋತಿರಾಯರ ತಂದೆಯ ಮನೆಯನ್ನೇ ಬಿಡಬೇಕಾಯಿತು. ಇದ್ದ ಆಸರೆ ತಪ್ಪಿದವರ ಸಂಕಟವೇನೆಂಬುದನ್ನು ಸಾವಿತ್ರಿಬಾಯಿಯವರು ಹೀಗೆ ಸ್ವಂತ ಅನುಭವದಿಂದಲೇ ಅರಿತರು.

ಆ ದಿನಗಳಲ್ಲಿ ಬಾಲವಿಧವೆಯರ ಬಾಳು ಅತ್ಯಂತ ದಾರುಣವಾಗಿತ್ತು. ಬೊಂಬೆಯಾಟದ ವಯಸ್ಸಿನಲ್ಲಿ ಮದುವೆಯಾಗಿ, ಪತಿಯ ಮುಖವನ್ನು ಸರಿಯಾಗಿ ಕಾಣುವ ಮೊದಲೇ ವಿಧವೆಯರಾದವರು ಅನೇಕರಿದ್ದರು. ಮೇಲ್ಜಾತಿಗಳಲ್ಲಿ ಅವರ ತಲೆಯನ್ನು ಬೋಳಿಸಿ, ಮನೆಯ ಮೂಲೆಯಲ್ಲಿ ಇರಿಸುತ್ತಿದ್ದರು. ೧೮೫೬ರಲ್ಲಿ ವಿಧವಾ ಪುನರ್ವಿವಾಹಕ್ಕೆ ಕಾನೂನಿನ ಒಪ್ಪಿಗೆ ದೊರೆಯಿತಾದರೂ ಸಮಾಜದ ಒಪ್ಪಿಗೆ ದೊರೆಯಲಿಲ್ಲ. ರಕ್ಷಣೆಯಿಲ್ಲದ ಇಂಥ ತರುಣಿಯರು ಗಂಡಸರ ವಂಚನೆಗೆ ಸುಲಭವಾಗಿ ಬಲಿಯಾಗುತ್ತಿದ್ದರು. ಗರ್ಭ ಧರಿಸಿದ ವಿಧವೆಗೆ ತವರಿನಲ್ಲಿಯೂ ಸ್ಥಳವಿಲ್ಲ, ಅತ್ತೆಯ ಮನೆಯಲ್ಲಿಯೂ ಸ್ಥಳವಿಲ್ಲ. ವಂಚಿಸಿದವನನ್ನು ಮಾತ್ರ ಯಾರೂ ಪ್ರಶ್ನಿಸುತ್ತಿರಲಿಲ್ಲ. ಕೆಲವರು ಬಾವಿಗೆ ಹಾರಿ ಪ್ರಾಣ ಕಳೆದುಕೊಂಡರು. ಕೆಲವರು ಹುಟ್ಟಿದ ಕೂಸನ್ನೇ ಕೊಂದರು.

ಪುಣೆಯಲ್ಲಿ ಅಡಿಗೆಯ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ತರುಣ ವಿಧವೆಗೆ ಒದಗಿದ ಗತಿಯೂ ಇದೇ ಆಗಿತ್ತು. ಲೋಕನಿಂದೆಗೆ ಹೆದರಿ ಆಕೆ ತನ್ನ ಶಿಶುವನ್ನು ಕೊಂದಳು. ನ್ಯಾಯಾಲಯವು ಆಕೆಗೆ ಅಂಡಮಾನಿನ ಕರಿನೀರಿನ ಶಿಕ್ಷೆಯನ್ನು ವಿಧಿಸಿತು. ಈ ಸುದ್ದಿ ಫುಲೆ ದಂಪತಿಗಳ ಮನಸ್ಸನ್ನು ಕಲಕಿತು. ಶಿಕ್ಷೆಯಿಂದ ಸತ್ತ ಶಿಶು ಮರಳಿ ಬರಲಿಲ್ಲ. ತಾಯಿಯ ಬಾಳೂ ಹಸನಾಗಲಿಲ್ಲ. ಆ ತಾಯಿಗೆ ಕೆಲವು ತಿಂಗಳ ಮೊದಲೇ ಒಂದು ಆಸರೆ ದೊರೆತಿದ್ದರೆ ಎರಡು ಜೀವಗಳೂ ಉಳಿಯುತ್ತಿದ್ದವು.

ಆ ಆಸರೆಯನ್ನು ತಾವೇ ಕಲ್ಪಿಸಲು ಅವರು ನಿಶ್ಚಯಿಸಿದರು. ೧೮೬೩ರಲ್ಲಿ ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ಆರಂಭಿಸಿದರು. ಗರ್ಭಿಣಿಯರಾದ ವಿಧವೆಯರು ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಿಗೆ ಮಾಡಿಸಿಕೊಳ್ಳಬಹುದೆಂದು ಪ್ರಕಟಣೆಯನ್ನು ಹೊರಡಿಸಿದರು. ಕೂಸನ್ನು ಕರೆದೊಯ್ಯುವುದು ಅಥವಾ ಅಲ್ಲಿಯೇ ಬಿಟ್ಟು ಹೋಗುವುದು ತಾಯಿಯ ಇಚ್ಛೆಗೆ ಸೇರಿದ್ದಾಗಿತ್ತು. ಬಿಟ್ಟು ಹೋದ ಮಕ್ಕಳ ಪಾಲನೆಯ ಹೊಣೆಯನ್ನು ಆ ಗೃಹವೇ ಹೊತ್ತಿತು. ಬಂದವರ ಬಾಣಂತನ, ಶಿಶುಗಳ ಆರೈಕೆ ಎಲ್ಲವನ್ನೂ ಸಾವಿತ್ರಿಬಾಯಿಯವರು ತಾವೇ ಮುಂದೆ ನಿಂತು ನೋಡಿಕೊಂಡರು. ಮುಂದಿನ ಎರಡು ದಶಕಗಳಲ್ಲಿ ೩೫ಕ್ಕೂ ಹೆಚ್ಚು ವಿಧವೆಯರು ಅಲ್ಲಿ ಆಶ್ರಯ ಪಡೆದರು.

ಫುಲೆ ದಂಪತಿಗಳಿಗೆ ಸ್ವಂತ ಮಕ್ಕಳಿರಲಿಲ್ಲ. ೧೮೭೪ರಲ್ಲಿ ಈ ಗೃಹಕ್ಕೆ ಬಂದ ವಿಧವೆಯೊಬ್ಬಳ ಮಗನನ್ನು ಅವರು ದತ್ತು ಪಡೆದು, ಯಶವಂತನೆಂದು ಹೆಸರಿಟ್ಟರು. ಸಮಾಜವು ಕಳಂಕವೆಂದು ದೂರವಿರಿಸುತ್ತಿದ್ದ ಮಗು ಅವರ ಮನೆಯ ಬೆಳಕಾಯಿತು. ಯಶವಂತ ಮುಂದೆ ವೈದ್ಯನಾದನು. ೧೮೭೬-೭೭ರ ಭೀಕರ ಕ್ಷಾಮದಲ್ಲಿ ಹಸಿದ ಮಕ್ಕಳಿಗಾಗಿ ತೆರೆದ ಆಶ್ರಯಧಾಮದ ಕಾರ್ಯದಲ್ಲಿಯೂ ಸಾವಿತ್ರಿಬಾಯಿಯವರು ಪತಿಯೊಡನೆ ದುಡಿದರು.

೧೮೯೦ರಲ್ಲಿ ಜ್ಯೋತಿರಾಯರು ನಿಧನ ಹೊಂದಿದಾಗ, ದತ್ತುಪುತ್ರನಿಗೆ ಅಂತ್ಯಕ್ರಿಯೆಯ ಹಕ್ಕಿಲ್ಲವೆಂದು ಬಂಧುಗಳು ತಕರಾರು ತೆಗೆದರು. ಸಾವಿತ್ರಿಬಾಯಿಯವರು ಎದೆಗುಂದದೆ ಅಗ್ನಿಯ ಮಡಕೆಯನ್ನು ತಾವೇ ಹಿಡಿದು ಶವಯಾತ್ರೆಯ ಮುಂದೆ ನಡೆದರು.

೧೮೯೭ರಲ್ಲಿ ಪುಣೆಯನ್ನು ಪ್ಲೇಗು ಆವರಿಸಿತು. ಜನರು ಸೋಂಕಿಗೆ ಹೆದರಿ ಸ್ವಂತ ಬಂಧುಗಳನ್ನೇ ಬಿಟ್ಟು ಓಡುತ್ತಿದ್ದ ಕಾಲವದು. ಊರ ಹೊರಗೆ ತೆರೆದ ಚಿಕಿತ್ಸಾಲಯದಲ್ಲಿ ಯಶವಂತ ರೋಗಿಗಳಿಗೆ ಔಷಧ ಕೊಡುತ್ತಿದ್ದರೆ, ಅರವತ್ತಾರು ವರ್ಷದ ತಾಯಿ ಅವರ ಶುಶ್ರೂಷೆ ಮಾಡುತ್ತಿದ್ದರು. ಒಮ್ಮೆ ಮುಂಢವಾ ಎಂಬಲ್ಲಿ ಬಾಲಕನೊಬ್ಬ ಪ್ಲೇಗಿನಿಂದ ನರಳುತ್ತಿರುವನೆಂದು ತಿಳಿದು ಅಲ್ಲಿಗೆ ಹೋದರು. ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಆ ಬಾಲಕ ಬದುಕಿದನು. ಆದರೆ ಸೋಂಕು ಸಾವಿತ್ರಿಬಾಯಿಯವರಿಗೂ ತಗುಲಿ, ೧೮೯೭ರ ಮಾರ್ಚ್ ೧೦ರಂದು ಅವರು ಕೊನೆಯುಸಿರೆಳೆದರು.

೨೦೧೪ರಲ್ಲಿ ಪುಣೆಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟು ಗೌರವಿಸಲಾಯಿತು. ಶಿಕ್ಷಕಿಯಾಗಿ ಅವರು ಪಡೆದ ಕೀರ್ತಿ ದೊಡ್ಡದು. ಆದರೆ ಅವರು ತಮ್ಮ ಮನೆಯಲ್ಲಿ ತೆರೆದ ಗೃಹ ಕಲಿಸುವ ಪಾಠವೂ ಅಷ್ಟೇ ಹಿರಿದು. ಮಗುವನ್ನು ಉಳಿಸಬೇಕಾದರೆ ಮೊದಲು ಅದರ ತಾಯಿಗೆ ನೆಲೆ ಬೇಕು. ಆ ನೆಲೆ ಅನಾಹುತಕ್ಕೆ ಮೊದಲೇ ಒದಗಬೇಕು. ಸಾವಿತ್ರಿಬಾಯಿಯವರು ಬಾಗಿಲಿಗೆ ಬಂದವಳ ತಪ್ಪೊಪ್ಪುಗಳನ್ನು ವಿಚಾರಿಸಲಿಲ್ಲ. ಮೊದಲು ಆಕೆಯನ್ನು ಒಳಗೆ ಕರೆದುಕೊಂಡರು.