ನೆಲದಡಿಯ ಪಯಣಿಗನಿಗೆ ಘನತೆ ತಂದ ವಾಸ್ತುಶಿಲ್ಪಿ

ನೆಲದಡಿಯ ರೈಲು ನಿಲ್ದಾಣವನ್ನು ನೋಡಲೆಂದೇ ಯಾರೂ ಹೋಗುವುದಿಲ್ಲ. ಎಲ್ಲರೂ ಅದನ್ನು ದಾಟಿ ಹೋಗುವವರೇ. ಕಚೇರಿಯ ಹೊತ್ತು ಮೀರುತ್ತಿರುವಾಗ ಗೋಡೆಯ ಬಣ್ಣವನ್ನೋ ಕಂಬದ ಆಕಾರವನ್ನೋ ಗಮನಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದ್ದರಿಂದಲೇ, ಎಂಜಿನಿಯರುಗಳು ಸುರಂಗ ಕೊರೆದು ಮುಗಿಸಿದ ಮೇಲೆ ಉಳಿದ ಗೋಡೆಗಳಿಗೆ ಟೈಲ್ಸ್ ಅಂಟಿಸುವುದಷ್ಟೇ ನಿಲ್ದಾಣದ ವಿನ್ಯಾಸ ಎಂಬ ಭಾವನೆ ಎಲ್ಲ ಕಾಲದ ಆಡಳಿತಗಾರರಲ್ಲಿಯೂ ಇದೆ. ಈ ಭಾವನೆ ತಪ್ಪೆಂದು ತನ್ನ ಕೆಲಸದಿಂದಲೇ ತೋರಿಸಿಕೊಟ್ಟವನು ಇಂಗ್ಲೆಂಡಿನ ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್. ಲಂಡನ್ ನಗರ ಹಿಂದೆಂದೂ ಕಾಣದ ವೇಗದಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ, ಅಲ್ಲಿನ ಭೂಗತ ರೈಲಿಗೆ ಆತ ಕೊಟ್ಟ ರೂಪ ಇಂದಿಗೂ ಉಳಿದಿದೆ.

ಹೋಲ್ಡನ್ ಹುಟ್ಟಿದ್ದು 1875ರ ಮೇ 12ರಂದು, ಲ್ಯಾಂಕಾಶೈರಿನ ಬೋಲ್ಟನ್ ಪಟ್ಟಣದ ಅಂಚಿನಲ್ಲಿ. ಅರಳೆಯ ಗಿರಣಿಗಳ ಹೊಗೆ ಕವಿದ ಊರು ಅದು. ಬಟ್ಟೆ ವ್ಯಾಪಾರಿಯಾಗಿದ್ದ ತಂದೆ ಹೋಲ್ಡನ್‌ಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ದಿವಾಳಿಯಾದ. ಸಂಸಾರ ಊರು ಬಿಡಬೇಕಾಯಿತು. ಹದಿನೈದನೆಯ ವಯಸ್ಸಿನಲ್ಲಿ ತಾಯಿಯೂ ತೀರಿಕೊಂಡಳು. ಪ್ರಯೋಗಾಲಯವೊಂದರಲ್ಲಿ ಸಹಾಯಕನಾಗಿ, ರೈಲ್ವೆಯಲ್ಲಿ ಗುಮಾಸ್ತನಾಗಿ ದುಡಿದ ಹುಡುಗ 1892ರಲ್ಲಿ ಮ್ಯಾಂಚೆಸ್ಟರಿನ ವಾಸ್ತುಶಿಲ್ಪಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದ. ಅಮೆರಿಕದ ಕವಿ ವಾಲ್ಟ್ ವಿಟ್ಮನ್‌ನ ಬರಹಗಳ ಗೀಳು ಹಿಡಿದದ್ದೂ ತಾರುಣ್ಯದ ಆ ದಿನಗಳಲ್ಲಿಯೇ. ಸಾಮಾನ್ಯ ಮನುಷ್ಯನನ್ನು ಕಾವ್ಯದ ನಾಯಕನನ್ನಾಗಿ ಮಾಡಿದ ಆ ಕವಿಯ ಪ್ರಭಾವ ಅವನಲ್ಲಿ ಕೊನೆಯವರೆಗೂ ಉಳಿಯಿತು.

1897ರಲ್ಲಿ ಲಂಡನ್‌ಗೆ ಬಂದ ಹೋಲ್ಡನ್, ಎರಡು ವರ್ಷಗಳ ಬಳಿಕ ಪರ್ಸಿ ಆಡಮ್ಸ್‌ನ ಕಚೇರಿಯನ್ನು ಸೇರಿದ. ಆಡಮ್ಸ್‌ನ ಕಚೇರಿ ಆಸ್ಪತ್ರೆಗಳ ವಿನ್ಯಾಸಕ್ಕೆ ಹೆಸರಾಗಿತ್ತು. ಆಸ್ಪತ್ರೆಯ ಕಟ್ಟಡದಲ್ಲಿ ಗಾಳಿ ಬೆಳಕು ಎಲ್ಲಿಂದ ಬರಬೇಕು, ರೋಗಿ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗಬೇಕು, ದೂಳು ಕೂರುವ ಮೂಲೆಗಳನ್ನು ಹೇಗೆ ಇಲ್ಲವಾಗಿಸಬೇಕು ಎಂಬುವೇ ಮುಖ್ಯ ಪ್ರಶ್ನೆಗಳು. ಅಲಂಕಾರ ಆಮೇಲಿನ ಮಾತು. ಮುಂದೆ ನಿಲ್ದಾಣಗಳ ಕೆಲಸ ಕೈಗೆ ಬಂದಾಗ ಹೋಲ್ಡನ್ ಕೇಳಿಕೊಂಡದ್ದೂ ಇವೇ ಪ್ರಶ್ನೆಗಳನ್ನು.

ಅದಕ್ಕೂ ಮುನ್ನ ಮೊದಲ ಮಹಾಯುದ್ಧ ಬಂತು. ಲಂಡನ್ನಿನ ಆಂಬುಲೆನ್ಸ್ ಪಡೆಯನ್ನು ಸೇರಿದ ಹೋಲ್ಡನ್, ರಣರಂಗದಿಂದ ರೈಲಿನಲ್ಲಿ ಬಂದಿಳಿಯುತ್ತಿದ್ದ ಗಾಯಾಳುಗಳನ್ನು ನಿಲ್ದಾಣಗಳಿಂದ ಆಸ್ಪತ್ರೆಗಳಿಗೆ ಹೊತ್ತ. 1917ರಲ್ಲಿ ಸೈನಿಕರ ಸಮಾಧಿಗಳನ್ನು ದಾಖಲಿಸುವ ವಿಭಾಗಕ್ಕೆ ಸೇರಿ ಫ್ರಾನ್ಸಿಗೆ ಹೋದ. 1920ರಲ್ಲಿ ಯುದ್ಧ ಸಮಾಧಿ ಆಯೋಗದ ನಾಲ್ವರು ಪ್ರಧಾನ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ. ಹತ್ತು ವರ್ಷಗಳ ಅವಧಿಯಲ್ಲಿ ಆತ ಕೈಹಚ್ಚಿದ ಸ್ಮಶಾನಗಳ ಸಂಖ್ಯೆ 69. ಅಧಿಕಾರಿಯಾಗಲಿ, ಸಾಮಾನ್ಯ ಸಿಪಾಯಿಯಾಗಲಿ, ಎಲ್ಲರಿಗೂ ಒಂದೇ ಅಳತೆಯ ಕಲ್ಲು ಎಂಬುದು ಆ ಆಯೋಗದ ನಿಯಮ. ಹೋಲ್ಡನ್ ನಿರ್ಮಿಸಿದ ಸ್ಮಶಾನಗಳು ಇತರರವಕ್ಕಿಂತಲೂ ಸರಳ. ಒಂದು ಗೆರೆಯೂ ಹೆಚ್ಚಿಲ್ಲದ ಬಿಳಿಗಲ್ಲಿನ ರಚನೆಗಳು. ಆಡಂಬರವಿಲ್ಲದೆಯೂ ಗೌರವ ಸಲ್ಲಿಸಬಹುದು ಎಂಬುದು ಆತನಿಗೆ ಮನವರಿಕೆಯಾದದ್ದು ಪ್ರಾಯಶಃ ಈ ದುಃಖದ ಕೆಲಸದಲ್ಲಿ.

ಇಲ್ಲಿಂದ ಆತನನ್ನು ನೆಲದಡಿಗೆ ಕರೆತಂದವನು ಫ್ರಾಂಕ್ ಪಿಕ್. ವಕೀಲಿಕೆ ಓದಿ 1906ರಲ್ಲಿ ಲಂಡನ್ನಿನ ಭೂಗತ ರೈಲು ಕಂಪೆನಿಗೆ ಸೇರಿದ ಪಿಕ್, ಮುಂದೆ ಅದರ ಚುಕ್ಕಾಣಿ ಹಿಡಿದ ಆಡಳಿತಗಾರ. ಸಾರ್ವಜನಿಕ ಸಾರಿಗೆಯೆಂದರೆ ನಾಗರಿಕ ಜೀವನದ ಅಡಿಪಾಯ ಎಂದು ನಂಬಿದವನು. ಫಲಕಗಳ ಅಕ್ಷರಗಳಿಂದ ಹಿಡಿದು ಕೂರುವ ಬೆಂಚಿನವರೆಗೆ ಎಲ್ಲವೂ ಚೆನ್ನಾಗಿರಬೇಕೆಂದು ಹಟ ಹಿಡಿದವನು. ಹಸಿರು ಶಾಯಿಯಲ್ಲಿ ಟಿಪ್ಪಣಿ ಬರೆಯುತ್ತಿದ್ದ ಈ ಕಟ್ಟುನಿಟ್ಟಿನ ಅಧಿಕಾರಿಗೂ ಮಿತಭಾಷಿ ಹೋಲ್ಡನ್‌ಗೂ ಗೆಳೆತನ ಬೆಳೆಯಿತು. 1923ರಲ್ಲಿ ವೆಸ್ಟ್‌ಮಿನ್ಸ್ಟರ್ ನಿಲ್ದಾಣದ ಪಕ್ಕದ ಬಾಗಿಲೊಂದಕ್ಕೆ ವಿನ್ಯಾಸ ಮಾಡಿಕೊಡುವಂತೆ ಪಿಕ್ ಕೇಳಿದ. ಚಿಕ್ಕ ಕೆಲಸ. ಆದರೆ ಒಂದು ಮಹಾನಗರದ ಮುಖಚರ್ಯೆ ಬದಲಾಗಲು ತೊಡಗಿದ್ದು ಅಲ್ಲಿಂದಲೇ.

ಲಂಡನ್ನಿನಲ್ಲಿ ನೆಲದಡಿಯ ರೈಲು ಓಡತೊಡಗಿದ್ದು 1863ರಲ್ಲಿ, ಉಗಿಬಂಡಿಯಾಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಳದ ಸುರಂಗಗಳ ವಿದ್ಯುತ್ ರೈಲುಗಳು ಬಂದಾಗ, ಲೆಸ್ಲಿ ಗ್ರೀನ್ ಎಂಬ ವಾಸ್ತುಶಿಲ್ಪಿ ಗಾಢ ಕೆಂಪು ಹೊಳಪಿನ ಮುಖಗಳುಳ್ಳ ನಿಲ್ದಾಣಗಳನ್ನು ಸಾಲುಸಾಲಾಗಿ ಕಟ್ಟಿದ. ಅತಿಯಾದ ಕೆಲಸದಿಂದ ಬಳಲಿ 1908ರಲ್ಲಿ, 33ನೆಯ ವಯಸ್ಸಿಗೇ ತೀರಿಕೊಂಡ. ಗ್ರೀನ್‌ನ ನಿಲ್ದಾಣಗಳಲ್ಲಿ ಜನ ಕೆಳಗಿಳಿಯುತ್ತಿದ್ದುದು ಲಿಫ್ಟಿನಲ್ಲಿ. ಲಿಫ್ಟ್ ಜನರನ್ನು ಕಂತುಕಂತಾಗಿ ಒಯ್ಯುತ್ತದೆ, ನಡುವೆ ಕಾಯಿಸುತ್ತದೆ. ಜನಸಂಖ್ಯೆ ಬೆಳೆದಂತೆ ಈ ಕಾಯುವಿಕೆಯೇ ನಿಲ್ದಾಣದ ಕತ್ತು ಹಿಸುಕತೊಡಗಿತು. 1911ರಲ್ಲಿ ಲಂಡನ್ನಿನ ಭೂಗತ ರೈಲಿಗೆ ಕಾಲಿಟ್ಟ ಎಸ್ಕಲೇಟರ್ ಮಾತ್ರ ನಿಲ್ಲದೆ ಹರಿಯುವ ಹೊಳೆಯಂತೆ. ಅದಕ್ಕೆ ತಕ್ಕ ಅಂಗಳವನ್ನು ಒದಗಿಸುವುದು ವಾಸ್ತುಶಿಲ್ಪಿಯ ಹೊಸ ಸಮಸ್ಯೆಯಾಯಿತು.

1926ರಲ್ಲಿ ತೆರೆದ ಮಾರ್ಡನ್ ಮಾರ್ಗದ ನಿಲ್ದಾಣಗಳಲ್ಲಿ ಹೋಲ್ಡನ್ ಇದಕ್ಕೆ ಮೊದಲ ಉತ್ತರ ಕೊಟ್ಟ. ಬಹುತೇಕ ಜಾಗಗಳು ರಸ್ತೆ ಕೂಡುವ ಮೂಲೆಗಳು; ಒಂದರ ಕೋನ ಇನ್ನೊಂದಕ್ಕಿಲ್ಲ. ಹೋಲ್ಡನ್ ಬಿಳಿಗಲ್ಲಿನ ಮುಂಭಾಗವನ್ನು ಮೂರು ಮಡಿಕೆಯ ಪರದೆಯಂತೆ ಕಲ್ಪಿಸಿಕೊಂಡ. ಮೂಲೆ ಹೇಗಿದೆಯೋ ಹಾಗೆ ಅದನ್ನು ಮಡಚಬಹುದು. ನಡುವೆ ಎತ್ತರದ ಗಾಜಿನ ಕಿಟಕಿ, ಅದರಲ್ಲಿ ಭೂಗತ ರೈಲಿನ ವೃತ್ತಾಕಾರದ ಲಾಂಛನ. ರಾತ್ರಿ ಒಳಗಿನ ದೀಪ ಹೊತ್ತಿದಾಗ ಇಡೀ ನಿಲ್ದಾಣವೇ ದಾರಿ ತೋರುವ ಕಂದೀಲಾಗುತ್ತಿತ್ತು.

ಆದರೆ ಆತನ ನಿಜವಾದ ಪರೀಕ್ಷೆ ನಡೆದದ್ದು ಪಿಕಾಡಿಲಿ ಸರ್ಕಸ್ಸಿನಲ್ಲಿ. ಲಂಡನ್ನಿನ ಅತ್ಯಂತ ಗಿಜಿಗುಡುವ ವೃತ್ತ ಅದು. ಅಲ್ಲಿನ ಹಳೆಯ ನಿಲ್ದಾಣವನ್ನು 1907ರಲ್ಲಿ ಬಳಸಿದವರು ಸುಮಾರು 15 ಲಕ್ಷ ಮಂದಿ. 1922ರ ಹೊತ್ತಿಗೆ ಆ ಸಂಖ್ಯೆ 1 ಕೋಟಿ 80 ಲಕ್ಷಕ್ಕೆ ಏರಿತ್ತು. ಮೇಲೆ ಒಂದು ಅಡಿ ಜಾಗವೂ ಇರಲಿಲ್ಲ. ಉಳಿದ ದಾರಿ ಒಂದೇ: ವೃತ್ತದ ಹೊಟ್ಟೆಯನ್ನೇ ಬಗೆದು, ಸಂಚಾರ ನಿಲ್ಲಿಸದೆ, ರಸ್ತೆಯ ಕೆಳಗೆ ಹೊಸ ನಿಲ್ದಾಣ ಕಟ್ಟುವುದು. 1925ರಲ್ಲಿ ಕೆಲಸ ಆರಂಭವಾಯಿತು. ವೃತ್ತದ ನಡುವಿನ ಪ್ರಸಿದ್ಧ ಈರೋಸ್ ಪ್ರತಿಮೆ ಊರಿನ ಇನ್ನೊಂದು ಉದ್ಯಾನಕ್ಕೆ ಹೋಯಿತು. ನೀರು, ಅನಿಲ, ಚರಂಡಿ, ದೂರವಾಣಿಯ ಕೊಳವೆಗಳನ್ನೆಲ್ಲ ಪಕ್ಕಕ್ಕೆ ತಿರುಗಿಸಲಾಯಿತು. 1928ರ ಡಿಸೆಂಬರಿನಲ್ಲಿ ನಿಲ್ದಾಣ ತೆರೆಯಿತು. ಆದ ವೆಚ್ಚ ಐದು ಲಕ್ಷ ಪೌಂಡಿಗೂ ಹೆಚ್ಚು.

ಅಲ್ಲಿ ಹೋಲ್ಡನ್ ಮಾಡಿದ್ದೇನು? ರಸ್ತೆಯ ಕೆಳಗೆ ದುಂಡನೆಯ ಹಜಾರವೊಂದನ್ನು ರಚಿಸಿದ. ಸುತ್ತಲಿನ ಯಾವ ಬೀದಿಯ ಮೆಟ್ಟಿಲಿಳಿದು ಬಂದರೂ ಪಯಣಿಗ ಸೇರುವುದು ಅದೇ ವರ್ತುಲಕ್ಕೆ. ದುಂಡನೆಯ ಜಾಗಕ್ಕೆ ಮೂಲೆಗಳಿಲ್ಲ. ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಸುತ್ತಿಕೊಂಡು ಹೋಗಬಲ್ಲರು. ನಡುವಿನಿಂದ ಎಸ್ಕಲೇಟರುಗಳು ಕೆಳಗಿಳಿಯುತ್ತವೆ. ಎರಡು ಹಂತಗಳಲ್ಲಿ ಒಟ್ಟು 11. ಸಾಲುಗಂಬಗಳಿಗೆ ಅಳವಡಿಸಿದ ದೀಪಗಳು ತಗ್ಗಿನ ಮಾಡಿನ ಭಾರವನ್ನು ಮರೆಸುವಂತೆ ಬೆಳಕು ಚೆಲ್ಲುತ್ತವೆ. ಹೊರಗೋಡೆಯ ಉದ್ದಕ್ಕೂ ಅಂಗಡಿಗಳ ಗಾಜಿನ ಪ್ರದರ್ಶನ ಕಿಟಕಿಗಳನ್ನಿಟ್ಟ. ಕಂಪೆನಿಗೆ ಅದು ಬಾಡಿಗೆಯ ಆದಾಯ. ಪಯಣಿಗನಿಗೆ ತಾನಿನ್ನೂ ಬೀದಿಯಲ್ಲಿಯೇ ಇದ್ದೇನೆಂಬ ಸಮಾಧಾನ. ನೆಲದಡಿಗೆ ಇಳಿಯುವಾಗ ಮನುಷ್ಯನಿಗೆ ಸಹಜವಾಗಿ ಆಗುವ ಅಳುಕನ್ನು ಕಳೆಯುವುದೇ ಆ ವಿನ್ಯಾಸದ ಮೊದಲ ಗುರಿಯಾಗಿತ್ತು.

ಮರುವರ್ಷ ಕಂಪೆನಿಯ ಕೇಂದ್ರ ಕಚೇರಿಯನ್ನು, ಬ್ರಾಡ್‌ವೇಯ 55ನೆಯ ಸಂಖ್ಯೆಯ ಕಟ್ಟಡವನ್ನು, ಹೋಲ್ಡನ್ ಮುಗಿಸಿದ. ಅದರ ಗೋಡೆಗೆ ಜೇಕಬ್ ಎಪ್‌ಸ್ಟೈನ್ ಕೆತ್ತಿದ ನಗ್ನ ಶಿಲ್ಪದ ವಿರುದ್ಧ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಸ್ವತಃ ಆ ಶಿಲ್ಪ ಅಷ್ಟೇನೂ ಹಿಡಿಸದಿದ್ದರೂ ಪಿಕ್ ಹೊಣೆ ಹೊತ್ತು ರಾಜೀನಾಮೆಗೆ ಮುಂದಾದ. ಹೋಲ್ಡನ್ ಶಿಲ್ಪಿಯ ಕೈಬಿಡಲಿಲ್ಲ. ಕೊನೆಗೆ ಶಿಲ್ಪದಿಂದ ಒಂದೂವರೆ ಅಂಗುಲ ಕಡಿಮೆ ಮಾಡುವುದರೊಂದಿಗೆ ಜಗಳ ತಣ್ಣಗಾಯಿತು.

1930ರ ಬೇಸಿಗೆಯಲ್ಲಿ ಗೆಳೆಯರಿಬ್ಬರೂ ಜರ್ಮನಿ, ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್‌ಗಳನ್ನು ಸುತ್ತಿ ಅಲ್ಲಿನ ಹೊಸ ಕಟ್ಟಡಗಳನ್ನು ನೋಡಿ ಬಂದರು. ಪಿಕಾಡಿಲಿ ಮಾರ್ಗದ ವಿಸ್ತರಣೆಯಲ್ಲಿ ಆ ಪ್ರವಾಸದ ಫಲ ಕಂಡಿತು. 1931ರಲ್ಲಿ ತೆರೆದ ಸಡ್‌ಬರಿ ಟೌನ್, ಇಟ್ಟಿಗೆಯ ಪೆಟ್ಟಿಗೆಗೆ ಕಾಂಕ್ರೀಟಿನ ಮುಚ್ಚಳವಿಟ್ಟಂಥ ಸರಳ ಕಟ್ಟಡ. 1932ರ ಆರ್ನೋಸ್ ಗ್ರೋವ್, ಸ್ಟಾಕ್‌ಹೋಮಿನ ಸಾರ್ವಜನಿಕ ಗ್ರಂಥಾಲಯವನ್ನು ನೆನಪಿಸುವ ದುಂಡು ಗೋಪುರ. ಒಳಗೆ ಛಾವಣಿಗೆ ಆಧಾರವಾಗಿ ನಡುವೆ ಒಂದೇ ಕಂಬ. 1933ರ ಸೌತ್‌ಗೇಟ್‌ನಲ್ಲಿ ಪ್ಲಾಟ್‌ಫಾರಂಗಳು ನೆಲದಡಿಯಲ್ಲಿವೆ. ಮೇಲಿನ ದುಂಡು ಹಜಾರದಿಂದ ಇಳಿಯುವ ಎಸ್ಕಲೇಟರುಗಳ ನಡುವೆ ನಿಂತ ಕಂಚಿನ ದೀಪಸ್ತಂಭಗಳು ಬೆಳಕನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಕಣ್ಣು ಕುಕ್ಕದ ಆ ಬೆಳಕು ಛಾವಣಿಯಿಂದ ಪ್ರತಿಫಲಿಸಿ ಕೆಳಗಿಳಿಯುತ್ತದೆ. ಆ ಕಂಬಗಳು ಇಂದಿಗೂ ಅಲ್ಲಿವೆ.

ಒಳ್ಳೆಯ ವಿನ್ಯಾಸ ಉದ್ಘಾಟನೆಯ ದಿನಕ್ಕೆ ಮುಗಿಯುವುದಿಲ್ಲ ಎಂಬುದಕ್ಕೂ ಸಡ್‌ಬರಿ ಟೌನ್ ಸಾಕ್ಷಿಯಾಯಿತು. ನಿಲ್ದಾಣ ತೆರೆದ ಕೆಲವೇ ದಿನಗಳಲ್ಲಿ ನೋಡಲು ಹೋದ ಪಿಕ್‌ಗೆ ಕಂಡದ್ದು ಎಲ್ಲೆಂದರಲ್ಲಿ ತಂದಿರಿಸಿದ್ದ ಮಾರಾಟದ ಯಂತ್ರಗಳು. ಯಾರೋ ಅವುಗಳಿಗೆ ಜಾಗ ಯೋಚಿಸಲು ಮರೆತಿದ್ದರು. ಹಜಾರದ ಅಂದ ಕೆಟ್ಟಿತ್ತು. ಪಿಕ್ ಸಿಟ್ಟಿಗೆದ್ದ. ಅಲ್ಲಿಂದ ಮುಂದೆ ಗಡಿಯಾರ, ಜಾಹೀರಾತು, ಕಸದ ಬುಟ್ಟಿ ಎಲ್ಲವೂ ನಕ್ಷೆಯಲ್ಲಿಯೇ ಜಾಗ ಪಡೆಯಬೇಕೆಂಬುದು ಇಬ್ಬರ ಶಿಸ್ತಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಹೊಲಗಳ ನಡುವೆ ಎದ್ದ ಆ ಚೆಂದದ ನಿಲ್ದಾಣಗಳ ಸುತ್ತ ಬಡಾವಣೆಗಳು ಹಬ್ಬಿದವು. 1939ರ ಹೊತ್ತಿಗೆ ಲಂಡನ್ನಿನ ಜನಸಂಖ್ಯೆ 86 ಲಕ್ಷ ಮುಟ್ಟಿತು. ರೈಲು ನಗರದ ಒತ್ತಡ ತಗ್ಗಿಸಿತೋ, ನಗರವನ್ನು ಇನ್ನಷ್ಟು ಹಿಗ್ಗಿಸಿತೋ ಎಂಬ ಪ್ರಶ್ನೆ ಪಿಕ್‌ನನ್ನೂ ಕಾಡಿತ್ತು. ಎಸ್ಕಲೇಟರ್ ಏರಲಾಗದ ಅಂಗವಿಕಲರನ್ನು, ಗಾಲಿಕುರ್ಚಿಯವರನ್ನು ಆ ಕಾಲದ ವಿನ್ಯಾಸ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲಿಫ್ಟ್ ಕಳಚಿದ ಜಾಗಗಳಲ್ಲಿ ಅವರಿಗೆ ಬಾಗಿಲು ಮುಚ್ಚಿತು. ಎಲ್ಲರನ್ನೂ ಸಮನಾಗಿ ಕಂಡ ವಾಸ್ತುಶಿಲ್ಪಿಯ ಕಣ್ಣಿಗೂ ಕೆಲವರು ಬೀಳಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ.

ಹೋಲ್ಡನ್‌ನ ಕೊನೆಯ ಮಹತ್ವದ ನಿಲ್ದಾಣ ಲಂಡನ್ನಿನ ಪೂರ್ವದ ಗ್ಯಾಂಟ್ಸ್ ಹಿಲ್. ಮಾಸ್ಕೋದ ಮೆಟ್ರೊ ಕಟ್ಟುವಾಗ ಲಂಡನ್ನಿನ ಪರಿಣತರು ಸಲಹೆ ಕೊಟ್ಟಿದ್ದರು. ಪಿಕ್‌ಗೆ ಸೋವಿಯತ್ ಸರ್ಕಾರದ ಗೌರವವೂ ಸಂದಿತ್ತು. 1935ರಲ್ಲಿ ತೆರೆದ ಮಾಸ್ಕೋ ಮೆಟ್ರೊದ ವೈಭವದಿಂದ ಈಗ ಲಂಡನ್ ಕಲಿಯಿತು. ಗ್ಯಾಂಟ್ಸ್ ಹಿಲ್‌ನ ಎರಡು ಪ್ಲಾಟ್‌ಫಾರಂಗಳ ನಡುವೆ ಕಮಾನು ಛಾವಣಿಯ ಉದ್ದನೆಯ ಹಜಾರವಿದೆ. ನೆಲದ ಮೇಲೆ ಕಟ್ಟಡವೇ ಇಲ್ಲ. ವೃತ್ತದ ಸುತ್ತಲಿನ ಮೆಟ್ಟಿಲುಗಳಷ್ಟೇ. ಕೆಲಸ ನಡೆದಿರುವಾಗಲೇ ಎರಡನೆಯ ಮಹಾಯುದ್ಧ ಬಂತು. ಅಪೂರ್ಣ ಸುರಂಗಗಳಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆ ನಡೆಯಿತು. ಊರೊಳಗಿನ ನಿಲ್ದಾಣಗಳಲ್ಲಿ ಬಾಂಬಿಗೆ ಹೆದರಿದ ಸಾವಿರಾರು ಜನ ರಾತ್ರಿ ಕಳೆದರು. 1941ರಲ್ಲಿ ಪಿಕ್ ತೀರಿಕೊಂಡ. 1947ರ ಡಿಸೆಂಬರಿನಲ್ಲಿ ಗ್ಯಾಂಟ್ಸ್ ಹಿಲ್ ತೆರೆದಾಗ, ಅದನ್ನು ನೋಡಿ ಹಸಿರು ಶಾಯಿಯಲ್ಲಿ ಟಿಪ್ಪಣಿ ಬರೆಯಲು ಆತ ಇರಲಿಲ್ಲ.

ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ 1936ರಲ್ಲಿಯೇ ಹೋಲ್ಡನ್‌ಗೆ ಬಂದಿತ್ತು. ನೈಟ್ ಪದವಿ ಎರಡು ಬಾರಿ ಮನೆಬಾಗಿಲಿಗೆ ಬಂದರೂ ಆತ ಎರಡು ಬಾರಿಯೂ ಬೇಡವೆಂದ. ಕಟ್ಟಡವೆಂಬುದು ಹಲವರ ಕೂಡು ದುಡಿಮೆ. ಅದರ ಬಿರುದು ಒಬ್ಬನ ಹೆಸರಿಗೆ ಅಂಟುವುದು ಸರಿಯಲ್ಲ ಎಂಬುದು ಆತನ ನಿಲುವು. ಮದ್ಯಮಾಂಸಗಳನ್ನು ಬಿಟ್ಟ ಸರಳ ಬದುಕಿನ ಈ ಮನುಷ್ಯ 1960ರ ಮೇ 1ರಂದು, 85 ತುಂಬಲು ಹನ್ನೊಂದು ದಿನ ಇರುವಾಗ, ಹಾರ್ಮರ್ ಗ್ರೀನ್‌ನ ತನ್ನ ಮನೆಯಲ್ಲಿ ಕೊನೆಯುಸಿರೆಳೆದ. ಆರ್ನೋಸ್ ಗ್ರೋವ್ ಸೇರಿದಂತೆ ಆತನ ಹಲವು ನಿಲ್ದಾಣಗಳು ಇಂದು ಸಂರಕ್ಷಿತ ಕಟ್ಟಡಗಳು. ಅಲ್ಲಿ ರೈಲುಗಳೂ ಓಡುತ್ತಿವೆ.

ಬೆಂಗಳೂರಿನ ನೆಲದಡಿಯಲ್ಲಿ, ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟಿ, ಮೆಟ್ರೊ ಓಡತೊಡಗಿದ್ದು 2016ರಲ್ಲಿ. ಬೆಳೆಯುವ ಎಲ್ಲ ನಗರಗಳಂತೆ ನಮ್ಮದೂ ಇನ್ನೂ ಆಳಕ್ಕೆ ಇಳಿಯಲೇಬೇಕು. ಸುರಂಗ ಎಷ್ಟು ಕಿಲೋಮೀಟರ್ ಸಾಗಿತು, ಯಂತ್ರ ಎಲ್ಲಿ ಬಂಡೆಗೆ ಸಿಲುಕಿತು ಎಂಬ ಲೆಕ್ಕ ದಿನವೂ ಸುದ್ದಿಯಾಗುತ್ತದೆ. ಆದರೆ ಮೆಟ್ಟಿಲಿಳಿದ ಮನುಷ್ಯನಿಗೆ ದಾರಿ ಸಲೀಸಾಗಿ ಕಾಣುತ್ತದೆಯೇ, ಕೂರಲು ಜಾಗವಿದೆಯೇ, ಮುದುಕರೂ ಕೂಸು ಹೊತ್ತವರೂ ಅಳುಕದೆ ಓಡಾಡಬಲ್ಲರೇ ಎಂಬ ಪ್ರಶ್ನೆಗಳು ಅಷ್ಟಾಗಿ ಕೇಳಿಬರುವುದಿಲ್ಲ. ಸುರಂಗ ಒಮ್ಮೆ ಕೊರೆದರೆ ನೂರು ವರ್ಷ ಇರುವಂಥದು. ಅಲ್ಲಿ ಮಾಡಿದ ತಪ್ಪೂ ಅಷ್ಟೇ ಕಾಲ ಬಾಳುತ್ತದೆ. ಹೆಸರಿಲ್ಲದ ಪಯಣಿಗನನ್ನು ಗೌರವಾನ್ವಿತ ಅತಿಥಿಯೆಂದು ಬಗೆದು ಕಟ್ಟಿದ್ದೇ ಹೋಲ್ಡನ್‌ನ ದೊಡ್ಡತನ. ಆ ಗೌರವಕ್ಕೆ ತಗಲುವ ಹೆಚ್ಚುವರಿ ಖರ್ಚು ಬಹಳವೇನಲ್ಲ. ನಕ್ಷೆ ಬರೆಯುವ ಮೊದಲ ದಿನವೇ ಅದು ನೆನಪಾಗಬೇಕು, ಅಷ್ಟೆ.