ಎಗಾನ್ ಒರೊವಾನ್: ಕಣಗಳ ನಡುವಿನ ಅಂತರವನ್ನು ಲೆಕ್ಕ ಹಾಕಿದವರು

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಮಿಶ್ರಲೋಹದ ಮಾತು ಬಂದಾಗ, ಗಟ್ಟಿ ವಸ್ತು ಬೆರೆತರೆ ಲೋಹವೂ ಗಟ್ಟಿಯಾಗುತ್ತದೆ ಎಂದು ಹೇಳಿ ಮುಂದೆ ಸಾಗುವ ಪ್ರಶಿಕ್ಷಣಾರ್ಥಿಗಳೇ ಹೆಚ್ಚು. ಆದರೆ ಅಲ್ಯೂಮಿನಿಯಂಗೆ ನೂರಕ್ಕೆ ನಾಲ್ಕು ಪಾಲು ತಾಮ್ರ ಬೆರೆಸಿದರೆ ವಿಮಾನ ಕಟ್ಟುವಷ್ಟು ಬಲ ಬರುವುದು ಹೇಗೆ? ತಾಮ್ರವೇ ಮೆದು ಲೋಹ. ಈ ಪ್ರಶ್ನೆಯ ಉತ್ತರದಲ್ಲಿ ದೊಡ್ಡ ಪಾಲು ಒರೊವಾನ್ ಅವರದು.

ಅವರು ಹಂಗೇರಿಯ ಬುಡಾಪೆಸ್ಟ್‌ನಲ್ಲಿ 1902ರ ಆಗಸ್ಟ್ 2ರಂದು ಜನಿಸಿದರು. ತಂದೆ ಎಂಜಿನಿಯರ್. ಮಗ ಬರ್ಲಿನ್‌ಗೆ ಎಂಜಿನಿಯರಿಂಗ್ ಓದಲು ಹೋಗಿ, ಭೌತಶಾಸ್ತ್ರಕ್ಕೆ ಹೊರಳಿ, ರಿಚರ್ಡ್ ಬೆಕರ್ ಎಂಬ ಪ್ರಾಧ್ಯಾಪಕರಲ್ಲಿ ಸತುವಿನ ಸ್ಫಟಿಕಗಳನ್ನು ಎಳೆದು ನೋಡುವ ಕೆಲಸ ಹಿಡಿದರು. ಒಮ್ಮೆ ಸ್ಫಟಿಕವೊಂದು ಕೈಜಾರಿ ನೆಲಕ್ಕೆ ಬಿದ್ದು ಬಾಗಿತು. ಬಿಸಾಡದೆ ಅದನ್ನೇ ನೆಟ್ಟಗೆ ಮಾಡಿ ಎಳೆದರು. ಅದು ಒಂದೇ ಸಮನೆ ಹಿಗ್ಗದೆ ತಡೆತಡೆದು, ಜಿಗಿಜಿಗಿದು ಹಿಗ್ಗಿತು. ನಮ್ಮ ಪಾಠಯೋಜನೆಗಳಲ್ಲಿ ಕೆಟ್ಟುಹೋದ ಪ್ರಯೋಗಕ್ಕೊಂದು ಕಲಂ ಇಲ್ಲದಿರುವುದು ನನಗಂತೂ ಕೊರತೆಯಾಗಿಯೇ ಕಾಣುತ್ತದೆ.

ಜಿಗಿತದ ಕಾರಣ ಹುಡುಕುತ್ತ, 1934ರಲ್ಲಿ ಅವರು ಲೋಹದೊಳಗಿನ ‘ಪಲ್ಲಟರೇಖೆ’ಯ ವಿಚಾರವನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಜಿ. ಐ. ಟೇಲರ್ ಮತ್ತು ಮೈಕೆಲ್ ಪೊಲಾನಿ ಬೇರೆ ಬೇರೆಯಾಗಿ ಇದೇ ಮಾತಿಗೆ ಬಂದಿದ್ದರು. ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಅದನ್ನು ಆ ಬದಿಗೆ ತಳ್ಳಿದರೆ ಜಮಖಾನ ಸುಲಭವಾಗಿ ಸರಿಯುತ್ತದೆ. ಪರಮಾಣುಗಳ ಪದರ ಜಾರುವುದೂ ಹೀಗೆಯೇ. ಲೋಹ ಮಣಿದು ಮೊದಲಿನ ಆಕಾರಕ್ಕೆ ಮರಳದಿರಲು ಈ ರೇಖೆಗಳ ಓಡಾಟವೇ ಕಾರಣ.

ನಾಜಿಗಳ ಜರ್ಮನಿ ಬಿಟ್ಟು ಬಂದ ಅವರಿಗೆ ಊರಿನಲ್ಲಿ ಸರಿಯಾದ ಕೆಲಸ ಸಿಗಲಿಲ್ಲ. ತಾಯಿಯ ಮನೆಯಲ್ಲಿದ್ದರು, ಬಲ್ಬ್ ಕಾರ್ಖಾನೆಗಾಗಿ ಗಾಳಿಯಿಂದ ಕ್ರಿಪ್ಟಾನ್ ಬೇರ್ಪಡಿಸುವ ಕೆಲಸವನ್ನೂ ಮಾಡಿದರು. 1937ರಲ್ಲಿ ಬರ್ಮಿಂಗ್‌ಹ್ಯಾಮ್, 1939ರಲ್ಲಿ ಕೇಂಬ್ರಿಜ್ ಸೇರಿದರು.

ಮಿಶ್ರಲೋಹದ ಒಗಟು ಅದಕ್ಕೂ ಹಳೆಯದು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ, ನೀರಿನಲ್ಲಿ ಅದ್ದಿ, ಸುಮ್ಮನೆ ಇಟ್ಟರು. ದಿನ ಕಳೆದಂತೆ ಅದು ತಾನಾಗಿ ಗಟ್ಟಿಯಾಯಿತು. ಒಳಗೆ ಅತಿ ಸಣ್ಣ ಕಣಗಳು ಹುಟ್ಟುತ್ತವೆ ಎಂಬ ವಿವರಣೆ 1919ರಲ್ಲಿ ಬಂತು. ಆ ಕಣಗಳು ಲೋಹವನ್ನು ತಡೆಯುವ ಬಗೆಯನ್ನು ಒರೊವಾನ್ 1948ರಲ್ಲಿ ತೋರಿಸಿಕೊಟ್ಟರು.

ಇದನ್ನು ಕಲಿಸಲು ಉಪಕರಣ ಬೇಡ. ದಢೇಸುಗೂರಿನ ಕಡೆಯ ಶಾಲೆಯಂಗಳದಲ್ಲಿ ಒಂದು ಸಾಲು ಬೇವಿನ ಮರಗಳಿದ್ದರೆ ಸಾಕು. ಮಕ್ಕಳು ಕೈಕೈ ಹಿಡಿದು ಸರಪಳಿಯಾಗಿ ಮರಗಳತ್ತ ನಡೆಯಲಿ. ಮರ ಅಡ್ಡ ಬಂದಲ್ಲಿ ಸರಪಳಿ ನಿಲ್ಲುತ್ತದೆ, ನಡುವಿನ ಸಂದಿಯಲ್ಲಿ ಬಿಲ್ಲಿನಂತೆ ಬಾಗಿ ಮುಂದೆ ಉಬ್ಬುತ್ತದೆ. ಎರಡೂ ಬದಿಯ ಉಬ್ಬು ಮರದ ಹಿಂದೆ ಕೂಡಿದಾಗ ಅಲ್ಲಿನ ಮಕ್ಕಳು ಕೈ ಬದಲಿಸಲಿ: ಸರಪಳಿ ಮುಂದೆ ಹೋಗುತ್ತದೆ, ಮರದ ಸುತ್ತ ಕೆಲವು ಮಕ್ಕಳ ಉಂಗುರ ಉಳಿಯುತ್ತದೆ. ಎರಡನೇ ಸರಪಳಿ ಬರುವಾಗ ಸಂದಿ ಇನ್ನೂ ಕಿರಿದು.

ಮರಗಳ ಜಾಗದಲ್ಲಿ ಕಣಗಳನ್ನೂ ಸರಪಳಿಯ ಜಾಗದಲ್ಲಿ ಪಲ್ಲಟರೇಖೆಯನ್ನೂ ಇಟ್ಟುಕೊಂಡರೆ ಒರೊವಾನ್ ಅವರ ಲೆಕ್ಕ ಸಿಗುತ್ತದೆ. ಅಂತರ ಅರ್ಧವಾದರೆ ರೇಖೆಯನ್ನು ದಾಟಿಸಲು ಸುಮಾರು ಎರಡರಷ್ಟು ಒತ್ತಡ ಬೇಕು. ಕಣ ತೀರಾ ಸಣ್ಣದಿದ್ದರೆ ರೇಖೆ ಅದನ್ನು ಕತ್ತರಿಸಿಕೊಂಡೇ ಹೋಗುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಸಣ್ಣ ಕಣಗಳು ಕರಗಿ ದೊಡ್ಡವು ಬೆಳೆಯುತ್ತವೆ, ಅಂತರ ಹಿಗ್ಗುತ್ತದೆ, ಲೋಹ ಮತ್ತೆ ಮೆದುವಾಗುತ್ತದೆ. ಬೆರೆಸಿದ ತಾಮ್ರ ಮಾತ್ರ ಅಷ್ಟೇ ಇರುತ್ತದೆ! ಗಟ್ಟಿ ವಸ್ತು ಬೆರೆತರೆ ಗಟ್ಟಿ ಎಂಬ ಉತ್ತರ ಇಲ್ಲಿಯೇ ಸೋಲುವುದು.

1950ರಲ್ಲಿ ಅವರು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋದರು. ಮುಂದೆ ಭೂಮಿಯೊಳಗಿನ ಬಂಡೆಗಳ ಹರಿವು, ಅರ್ಥಶಾಸ್ತ್ರ ಎಂದು ಆಸಕ್ತಿ ಹರಡಿತು. ಕಣಗಳ ಸುತ್ತ ಉಳಿಯುವ ಉಂಗುರಗಳನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಅವಕ್ಕೆ ಒರೊವಾನ್ ಉಂಗುರಗಳೆಂದೇ ಹೆಸರು. 1989ರ ಆಗಸ್ಟ್ 3ರಂದು, ಎಂಬತ್ತೇಳು ತುಂಬಿದ ಮರುದಿನ, ಅವರು ತೀರಿಕೊಂಡರು.