ಭಟ್ಟೋಜಿ ದೀಕ್ಷಿತರೂ ಒರಳುಕಲ್ಲೂ

ಕಾಮರ್ಸ್ ಓದುವವನಿಗೆ ವ್ಯಾಕರಣದ ಗೊಡವೆ ಯಾಕೆ ಅಂತ ಗೆಳೆಯರು ನಗುತ್ತಾರೆ. ನಗಲಿ. ಕಾಶಿಯ ಭಟ್ಟೋಜಿ ದೀಕ್ಷಿತರು ನನ್ನ ಕಣ್ಣಿಗೆ ಒಳ್ಳೆಯ ಲೆಕ್ಕಿಗರಾಗಿಯೇ ಕಂಡಿದ್ದಾರೆ.

16ನೆಯ ಶತಮಾನದ ಕೊನೆ, 17ರ ಮೊದಲ ಭಾಗ ಅವರ ಕಾಲ. ತಂದೆ ಲಕ್ಷ್ಮೀಧರ, ಸೋದರ ರಂಗೋಜಿ. ದಕ್ಷಿಣದಿಂದ ಹೋಗಿ ಕಾಶಿಯಲ್ಲಿ ನೆಲೆಸಿದ ಮನೆತನ. ತೆಲುಗರೂ ನಮ್ಮವರು ಅಂತಾರೆ, ಮರಾಠಿಗರೂ ನಮ್ಮವರು ಅಂತಾರೆ. ನಮಗೂ ಒಂದು ಎಳೆ ಉಂಟು: ತತ್ತ್ವಕೌಸ್ತುಭವೆಂಬ ಅದ್ವೈತ ಗ್ರಂಥವನ್ನು ಅವರು ಬರೆದದ್ದು ಕೆಳದಿಯ ವೆಂಕಟಪ್ಪ ನಾಯಕನ ಅಪ್ಪಣೆಯಂತೆ.

ಪಾಣಿನಿಯ ಸೂತ್ರಗಳು ಸುಮಾರು 4000. ಒಂದು ಪದ ಸಾಧಿಸಲು ಎಂಟು ಅಧ್ಯಾಯ ತಡಕಾಡಬೇಕು. ಭಟ್ಟೋಜಿಯವರು ಸಂಧಿಯದ್ದು ಸಂಧಿಗೆ, ಸಮಾಸದ್ದು ಸಮಾಸಕ್ಕೆ ಅಂತ ಬೇರೆ ಬೇರೆ ಖಾತೆ ತೆರೆದು ಸಿದ್ಧಾಂತಕೌಮುದಿ ಬರೆದರು. ಮೊದಲೇ ರಾಮಚಂದ್ರ ಎಂಬವರು ಪ್ರಕ್ರಿಯಾಕೌಮುದಿಯಲ್ಲಿ ಈ ದಾರಿ ಹಿಡಿದಿದ್ದರು. ಆದರೆ ಅವರು ಎಲ್ಲ ಸೂತ್ರಗಳನ್ನೂ ತಂದಿರಲಿಲ್ಲ.

ಸಮಾಸದ ಭಾಗದಲ್ಲಿ ಪೃಷೋದರಾದಿ ಅಂತ ಒಂದು ಸೂತ್ರ ಬರುತ್ತೆ. ಯಾವ ನಿಯಮಕ್ಕೂ ಒಗ್ಗದ ಪದಗಳನ್ನು ಬಲ್ಲವರು ಆಡಿದಂತೆಯೇ ಒಪ್ಪಿಕೊಳ್ಳಿ ಅಂತ ಅದರ ತಾತ್ಪರ್ಯ. ನಮ್ಮ ಸಸ್ಪೆನ್ಸ್ ಅಕೌಂಟೇ ಸರಿ! ಭಟ್ಟೋಜಿಗಿಂತ ಎಷ್ಟೋ ಶತಮಾನ ಹಿಂದಿನ ಕಾಶಿಕಾವೃತ್ತಿ ಇದಕ್ಕೆ ಕೊಡುವ ಉದಾಹರಣೆಗಳಲ್ಲಿ ಉಲೂಖಲವೂ ಒಂದು, ಅಂದರೆ ಒರಳು. ಊರ್ಧ್ವ ಅಂದರೆ ಮೇಲೆ, ಖ ಅಂದರೆ ತೆರಪು. ಯಾವುದರ ಬಾಯಿ ಮೇಲಕ್ಕಿದೆಯೋ ಅದು ಉಲೂಖಲ. ನಮ್ಮ ಮುಕ್ಕಣ್ಣನ ಹಾಗೆ ಬಹುವ್ರೀಹಿ. ಊರ್ಧ್ವ ಹೋಗಿ ಉಲೂ ಹೇಗಾಯಿತು ಅಂತ ಮಾತ್ರ ಕೇಳಬಾರದು.

ವ್ಯಾಕರಣದ ಮೇಲೆಯೇ ಕಾಶಿ ಎರಡು ಹೋಳಾಯಿತು. ಭಟ್ಟೋಜಿಯವರ ಗುರು ಶೇಷಕೃಷ್ಣರು ಪ್ರಕ್ರಿಯಾಕೌಮುದಿಗೆ ಟೀಕೆ ಬರೆದಿದ್ದರು. ಶಿಷ್ಯರು ಪ್ರೌಢಮನೋರಮೆಯಲ್ಲಿ ಅದನ್ನೇ ಖಂಡಿಸಿದರು. ಗುರುಗಳ ಮಗನ ಶಿಷ್ಯ ಜಗನ್ನಾಥ ಪಂಡಿತರಾಜ ಕೆರಳಿ ಮನೋರಮಾಕುಚಮರ್ದನ ಬರೆದ. ಆ ಹೆಸರಿನ ಅರ್ಥ ಬರೆದರೆ ನಮ್ಮ ಸಂಪಾದಕರು ಒಪ್ಪುವುದಿಲ್ಲ. ಗುರುದ್ರೋಹ ಅಂತ ಕಾಶಿಯಲ್ಲಿ ದೊಡ್ಡ ಮಾತೇ ಆಯಿತು. ನಾನು ಭಟ್ಟೋಜಿಯವರ ಕಡೆಗೇ. ಅವರಿಗೆ ಪಾಣಿನಿ, ಕಾತ್ಯಾಯನ, ಪತಂಜಲಿ ಮೂವರ ಮಾತು ಗುರುವಿನ ಮಾತಿಗಿಂತ ಹೆಚ್ಚಾಗಿತ್ತು. ಹಾಗಂತ ಗುರುವಿನ ಮನೆಯವರಿಗೆ ನೋವಾಗಲಿಲ್ಲ ಅನ್ನಲಾರೆ.

ಶಿಷ್ಯ ವರದರಾಜ ಕೌಮುದಿಯನ್ನು ಹುಡುಗರಿಗಾಗಿ ಲಘುಕೌಮುದಿ ಮಾಡಿದ. ಮಗ ಭಾನುಜಿ ಅಮರಕೋಶಕ್ಕೆ ಟೀಕೆ ಬರೆದು ಮನೆಯ ಮೊರ, ಜರಡಿ, ಒರಳು ಎಲ್ಲದರ ಹೆಸರನ್ನೂ ಬಿಡಿಸಲು ಕೂತ.

ಟಿ. ಬರೋ ಎಂಬ ಭಾಷಾಶಾಸ್ತ್ರಜ್ಞರು ಉಲೂಖಲವನ್ನು ದ್ರಾವಿಡದಿಂದ ಬಂದ ಪದಗಳ ಪಟ್ಟಿಗೆ ಸೇರಿಸಿದ್ದಾರೆ. ಅವರು ಪಕ್ಕದಲ್ಲಿಟ್ಟು ತೋರಿಸುವುದು ತಮಿಳಿನ ಉಲಕ್ಕೈ, ಕನ್ನಡದ ಒಲಕೆ. ಅಂದರೆ ನಮ್ಮ ಅಜ್ಜಿಯ ಒನಕೆ.